ಸಿಗ್ನಲ್ ಇಲ್ಲದ ಊರಿಗೂ ಪರೀಕ್ಷೆ ಬೇಕು

ಸಾಗರ, ಹೊಸನಗರ, ತೀರ್ಥಹಳ್ಳಿ ಭಾಗದಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಭಿಯಾನ ಸುಮ್ಮನೆ ಹುಟ್ಟಿದ್ದಲ್ಲ. ಕೊರೊನಾ ಕಾಲದಲ್ಲಿ ಊರಿಗೆ ಮರಳಿದ ಸಾಫ್ಟ್‌ವೇರ್ ಹುಡುಗರು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕಾಯಿತು.

ಹೀಗೆ ಸಿಗ್ನಲ್ ಇಲ್ಲದ ಕಡೆ ಕೂತು ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರಿಗೆ, ಅದು ಸರಿಯಾಗಿ ಓಡುತ್ತದೆಯೇ ಎಂದು ಪರೀಕ್ಷಿಸಲು ‘ಮಾಕ್’ ದೊಡ್ಡ ಆಸರೆ. ಇಂಟರ್‌ನೆಟ್‌ಗೆ ಹೋಗಿ ಮಾಹಿತಿ ತರುವ ಫಂಕ್ಷನ್ನಿನ ಜಾಗದಲ್ಲಿ, ಪರೀಕ್ಷೆ ಮುಗಿಯುವವರೆಗೆ ಮಾತ್ರ, ನಾವು ಹೇಳಿಕೊಟ್ಟ ಉತ್ತರ ಕೊಡುವ ಬದಲಿ ಫಂಕ್ಷನ್ ಅದು. 2012ರಲ್ಲಿ ಬಂದ ಪೈಥಾನ್ 3.3ರಿಂದ ಇದು ಭಾಷೆಯ ಜೊತೆಗೇ ಸಿಗುತ್ತದೆ.

ಹೊಸನಗರ ತಾಲ್ಲೂಕಿನ ಹುಲಿಕಲ್‌ನ ಮಳೆಮಾಪಕ ನೋಡಿ ಎಚ್ಚರಿಕೆ ಕಳಿಸುವ ಪ್ರೋಗ್ರಾಂ ಒಂದನ್ನು ಊಹಿಸಿಕೊಳ್ಳಿ. ‘ಮಾಪಕ’ ಎಂಬ ಫೈಲಿನಲ್ಲಿ ‘ಓದು’ ಎಂಬ ಫಂಕ್ಷನ್ ಇದೆ. ‘ಎಚ್ಚರಿಕೆ’ ಎಂಬ ಫೈಲು ಆ ಫಂಕ್ಷನ್ನನ್ನೇ ಹೆಸರು ಹಿಡಿದು ಇಂಪೋರ್ಟ್ ಮಾಡಿಕೊಂಡಿದೆ. ಹೊಸಬರು ‘ಮಾಪಕ.ಓದು’ವನ್ನು ಬದಲಿಸಿ, ಪರೀಕ್ಷೆ ಇನ್ನೂ ನೆಟ್‌ವರ್ಕಿಗೇ ಓಡುತ್ತಿದೆಯಲ್ಲ ಎಂದು ತಲೆ ಕೆರೆದುಕೊಳ್ಳುವುದು ಇಲ್ಲೇ. ಇಂಪೋರ್ಟ್ ಆದ ಕ್ಷಣದಲ್ಲೇ ‘ಎಚ್ಚರಿಕೆ’ ಫೈಲಿಗೆ ಆ ಹೆಸರು ಸ್ವಂತವಾಗಿರುತ್ತದೆ. ಬದಲಿಸಬೇಕಾದದ್ದು ‘ಎಚ್ಚರಿಕೆ.ಓದು’ವನ್ನು: ಫಂಕ್ಷನ್ ಹುಟ್ಟಿದ ಕಡೆಯಲ್ಲ, ಬಳಕೆಯಾಗುವ ಕಡೆ.

ಇಷ್ಟನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಆತಂಕ ಇರುವುದು ಮುಂದೆ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 204.5 ಮಿ.ಮೀ. ಅಥವಾ ಅದಕ್ಕೂ ಮೀರಿ ಸುರಿದರೆ ಅತ್ಯಂತ ಭಾರಿ ಮಳೆ. ಮಾಕ್‌ಗೆ 210 ಎಂದು ಹೇಳಿಕೊಟ್ಟರೆ ಎಚ್ಚರಿಕೆ ಹೋಗುತ್ತದೆ, ಪರೀಕ್ಷೆ ಪಾಸ್. ಆದರೆ ಅಂಥ ಮಳೆಯಲ್ಲಿ ಮಲೆನಾಡಿನಲ್ಲಿ ಮೊದಲು ಹೋಗುವುದೇ ಕರೆಂಟು, ಅದರ ಹಿಂದೆ ಟವರು. ಆಗ ಮಾಪಕದಿಂದ ಉತ್ತರವೇ ಬರುವುದಿಲ್ಲ. ಉತ್ತರ ಬಾರದ್ದನ್ನು ಪ್ರೋಗ್ರಾಂ ಸೊನ್ನೆ ಎಂದು ಓದಿಕೊಂಡರೆ, ಹಳ್ಳ ಉಕ್ಕಿ ಹರಿಯುವ ರಾತ್ರಿ ಹುಲಿಕಲ್‌ನಲ್ಲಿ ಮಳೆಯೇ ಇಲ್ಲ ಎಂದು ದಾಖಲಾಗುತ್ತದೆ. ಇದು ಜನರ ಜೀವದ ಪ್ರಶ್ನೆ.

ಇದಕ್ಕೂ ಮಾಕ್‌ನಲ್ಲೇ ದಾರಿಯಿದೆ. ‘ಸೈಡ್ ಎಫೆಕ್ಟ್’ ಎಂಬ ಸೌಲಭ್ಯದಿಂದ ಅದು ಉತ್ತರ ಕೊಡುವ ಬದಲು ಟೈಮ್‌ಔಟ್ ದೋಷ ಎಸೆಯುವಂತೆ ಮಾಡಬಹುದು. ‘ಆಟೋಸ್ಪೆಕ್’ ಬಳಸಿದರೆ, ಅಸಲಿ ಫಂಕ್ಷನ್ ಒಪ್ಪದ ರೀತಿಯಲ್ಲಿ ಕರೆದಾಗ ಬದಲಿಯೂ ಒಪ್ಪುವುದಿಲ್ಲ. ಎರಡಕ್ಕೂ ಬೇಕಾದದ್ದು ಒಂದೆರಡು ಸಾಲು. ಹಾಗಿದ್ದೂ ಕಾಲೇಜು ಪ್ರಾಜೆಕ್ಟುಗಳಲ್ಲಿ ಎಲ್ಲ ಸರಿಯಿದ್ದಾಗಿನ ಪರೀಕ್ಷೆಗೇ ಪೂರ್ತಿ ಅಂಕ ಕೊಡುವುದು ಸರಿಯಲ್ಲ. ಮಳೆ, ಅಣೆಕಟ್ಟೆಯ ನೀರಿನ ಮಟ್ಟ, ಅಡಿಕೆ ಧಾರಣೆ ತಿಳಿಸುವ ಆ್ಯಪ್‌ಗಳಿಗೆ ಹಣ ಕೊಡುವ ಇಲಾಖೆಗಳು ಮತ್ತು ಸಹಕಾರ ಸಂಘಗಳು, ಉತ್ತರ ಬಾರದಾಗ, ತಡವಾದಾಗ, ನಿನ್ನೆಯದೇ ಮತ್ತೆ ಬಂದಾಗ ಏನಾಗುತ್ತದೆ ಎಂಬ ಪರೀಕ್ಷೆಗಳನ್ನು ಟೆಂಡರಿನಲ್ಲೇ ಕೇಳಬೇಕು. ತೋರಿಸಿದ ಮೇಲೆಯೇ ಬಿಲ್ ಪಾಸ್ ಮಾಡಬೇಕು.