ನೀರಿಯಿಂದ ನಮ್ಮೂರ ಬಾವಿಗೆ ಎಷ್ಟು ದೂರ?

ನಾಗಪುರ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗೋದು ಎರಡೇ. ಒಂದು ಕಿತ್ತಳೆ ಹಣ್ಣು, ಇನ್ನೊಂದು ಬಿಸಿಲು. ನಾನು ಇಲ್ಲಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಊರಿಂದ ಫೋನ್ ಮಾಡುವವರು ಇವತ್ತಿಗೂ ವಿಚಾರಿಸುವುದು ಇವೆರಡನ್ನೇ. ಆದರೆ ಕನ್ನಡಿಗರು, ಅದರಲ್ಲೂ ನಮ್ಮ ಬಯಲುಸೀಮೆಯವರು ವಿಚಾರಿಸಬೇಕಾದ ಇನ್ನೊಂದು ಸಂಗತಿ ಈ ಊರಲ್ಲಿದೆ. ಅದರ ಹೆಸರು ‘ನೀರಿ’.

ಯಾರೋ ಕನ್ನಡದವರೇ ಇಟ್ಟ ಹೆಸರು ಅನ್ನಿಸುತ್ತೆ, ಅಲ್ವಾ? ಇಲ್ಲ ಬಿಡಿ, ಅದು ಇಂಗ್ಲಿಷಿನ ಐದು ಅಕ್ಷರ ಕೂಡಿಸಿ ಆದದ್ದು. ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ಅಂತ ಪೂರ್ತಿ ಹೆಸರು. 1958ರಲ್ಲಿ ಇದು ಶುರುವಾದಾಗ ಹೆಸರು ಬೇರೆ ಇತ್ತು: ಕೇಂದ್ರ ಸಾರ್ವಜನಿಕ ಆರೋಗ್ಯ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ. ಕುಡಿಯುವ ನೀರು, ಚರಂಡಿ, ಕಕ್ಕಸು, ಇಂಥವನ್ನು ನೋಡಿಕೊಳ್ಳಲಿಕ್ಕೆ ಅಂತಲೇ ಹುಟ್ಟಿದ್ದು. 1974ರಲ್ಲಿ ಹೆಸರು ಬದಲಾಯಿತು. ‘ಪರಿಸರ’ ಒಳಗೆ ಬಂತು, ‘ಸಾರ್ವಜನಿಕ’ ಹೊರಗೆ ಹೋಯಿತು. ಹೆಸರು ಬದಲಾಯಿಸಿದವರಿಗೆ ಅಂಥ ಉದ್ದೇಶವೇನೂ ಇರಲಿಕ್ಕಿಲ್ಲ. ಆದರೂ ಆ ಬಿಟ್ಟುಹೋದ ಪದದ ಬಗ್ಗೆಯೇ ಇವತ್ತು ನನ್ನ ತಕರಾರು.

ಮೊದಲೇ ಹೇಳಿಬಿಡ್ತೀನಿ, ಇಲ್ಲಿನ ವಿಜ್ಞಾನಿಗಳ ಕೆಲಸ ಸಣ್ಣದು ಅಂತ ನಾನು ಹೇಳುತ್ತಿಲ್ಲ. 1996ರಲ್ಲಿ ತಾಜ್ ಮಹಲ್ ಉಳಿಸಲು ಸುತ್ತಲಿನ ಕಾರ್ಖಾನೆಗಳು ಕಲ್ಲಿದ್ದಲು, ಕೋಕ್ ಬಿಡಬೇಕು ಅಂತ ಸುಪ್ರೀಂ ಕೋರ್ಟು ಹೇಳಿತಲ್ಲ, ಅದು ಆಧರಿಸಿದ್ದ ವರದಿಗಳಲ್ಲಿ ನೀರಿಯದೂ ಇತ್ತು. ದೀಪಾವಳಿಗೆ ನೀವು ತರುವ ಹಸಿರು ಪಟಾಕಿಯ ಹಿಂದೆ ಇರುವುದೂ ಇದೇ ಸಂಸ್ಥೆ. ಕೊರೊನಾ ಕಾಲದಲ್ಲಿ, 2021ರಲ್ಲಿ, ಮೂಗಿಗೆ ಕಡ್ಡಿ ಹಾಕುವ ಬದಲು ಉಪ್ಪುನೀರು ಬಾಯಿ ಮುಕ್ಕಳಿಸಿ ಬಾಟಲಿಗೆ ಉಗುಳಿ ಕೊಟ್ಟರೆ ಸಾಕು ಅನ್ನುವ ಪರೀಕ್ಷೆ ಬಂತು. ಅದೂ ಇಲ್ಲಿಯದೇ. ಹಳ್ಳಿಯವರಿಗೆ, ಮಕ್ಕಳಿಗೆ, ಲ್ಯಾಬು ದೂರ ಇದ್ದವರಿಗೆ ಆಗುವಂಥ ಕೆಲಸ ಇವರ ಕೈಯಲ್ಲಾಗುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ತಕರಾರು ಏನು? ಅದಕ್ಕೆ ನಮ್ಮೂರಿನ ವಿಷಯ ಸ್ವಲ್ಪ ಹೇಳಬೇಕು.

ನಾನು ಪಾವಗಡದ ಕಡೆಯವನು. ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಫ್ಲೋರೈಡ್ ಕಾಟ ಜಾಸ್ತಿಯಾದ ಸೀಮೆ ಅದು. ನಮ್ಮ ಕಡೆಯ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ. ಐವತ್ತು ದಾಟಿದವರಿಗೆ ಬೆನ್ನು ನೆಟ್ಟಗಾಗುವುದಿಲ್ಲ, ಮಂಡಿ ಮಡಚಲು ಬರುವುದಿಲ್ಲ. ನಾವು ಚಿಕ್ಕವರಿದ್ದಾಗ ಅದನ್ನು ವಯಸ್ಸು ಅಂದುಕೊಂಡಿದ್ದೆವು, ಕರ್ಮ ಅಂದವರೂ ಇದ್ದರು. ಈ ಫ್ಲೋರೈಡಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಎಲ್ಲಕ್ಕಿಂತ ಮೋಸದ ಸಂಗತಿ ಅಂದರೆ ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ‘ಕುದಿಸಿ ಆರಿಸಿ ಕುಡಿಯಿರಿ’ ಅಂತ ಗೋಡೆ ತುಂಬ ಬರೆಸಿದ್ದ ಕಾಲದಲ್ಲಿ ಈ ಒಂದು ವಾಕ್ಯವನ್ನು ನಮ್ಮ ಅವ್ವಂದಿರಿಗೆ ಯಾರಾದರೂ ಹೇಳಿದ್ದರಾ? ನಮ್ಮ ಕೇರಿಯಲ್ಲಂತೂ ಯಾರೂ ಹೇಳಲಿಲ್ಲ.

ಈಗ ನೋಡಿ ವಿಚಿತ್ರ. ಫ್ಲೋರೈಡ್ ತೆಗೆಯುವ ಅಗ್ಗದ ವಿಧಾನ ಒಂದಿದೆ, ನಲ್ಗೊಂಡ ವಿಧಾನ ಅಂತ. ಹೆಸರು ತೆಲಂಗಾಣದ ಜಿಲ್ಲೆಯದು, ರೂಪಿಸಿದ್ದು ಇದೇ ನಾಗಪುರದ ನೀರಿ. ಅದೂ ಅರ್ಧ ಶತಮಾನದಷ್ಟು ಹಿಂದೆ! ಬೇಕಾಗುವುದು ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ. ಬಕೆಟ್ ನೀರಿಗೆ ಅಳತೆ ಪ್ರಕಾರ ಹಾಕಿ, ಮೊದಲು ಜೋರಾಗಿ ಆಮೇಲೆ ನಿಧಾನವಾಗಿ ಕಲಕಿ, ಒಂದು ಗಂಟೆ ಬಿಟ್ಟರೆ ಗಸಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳುವುದು. ಕರೆಂಟು ಬೇಡ, ಮೆಷಿನ್ನು ಬೇಡ.

ಬೇಕಾಗಿರುವುದು ಒಂದೇ, ಅಳತೆ. ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಕ್ಷಾರ ಎಷ್ಟಿದೆ ಅನ್ನುವುದರ ಮೇಲೆ ಪಟಿಕ ಎಷ್ಟು ಅಂತ ನಿಂತಿದೆ. ಕಡಿಮೆಯಾದರೆ ಫ್ಲೋರೈಡ್ ಉಳಿಯುತ್ತದೆ, ಹೆಚ್ಚಾದರೆ ಅಲ್ಯೂಮಿನಿಯಂ ನೀರಲ್ಲಿ ಉಳಿಯುತ್ತದೆ. ಗಸಿಯನ್ನು ಎಲ್ಲೆಂದರಲ್ಲಿ ಸುರಿಯುವ ಹಾಗೂ ಇಲ್ಲ. ಅಂದರೆ ಈ ವಿಧಾನದ ಜೀವ ಇರುವುದು ಪಟಿಕದಲ್ಲಿ ಅಲ್ಲ, ಒಂದು ಕೋಷ್ಟಕದಲ್ಲಿ. ಆ ಕೋಷ್ಟಕ ಬಕೆಟ್ ಮುಂದೆ ನಿಂತ ಹೆಂಗಸಿನ ಕೈಗೆ, ಅವಳು ಓದುವ ಅಕ್ಷರದಲ್ಲಿ, ಅವಳ ಬಾವಿಯ ಅಂಕಿಯ ಜೊತೆ ಹೋಗಿ ಸೇರಬೇಕು. ಸೇರದಿದ್ದರೆ ಆ ಸಂಶೋಧನೆ ಅವಳ ಪಾಲಿಗೆ ಆಗಿಯೇ ಇಲ್ಲ.

ನಮ್ಮೂರಿಗೂ ನೀರು ಪರೀಕ್ಷೆಗೆ ಅಂತ ಜನ ಬಂದಿದ್ದರು. ಯಾರು ಅಂತ ಹೇಳುವುದು ಬೇಡ. ಜೀಪಿನಲ್ಲಿ ಬಂದರು, ನಮ್ಮ ಬಾವಿ, ಪಕ್ಕದ ಬೋರು ಎರಡರಿಂದಲೂ ಬಾಟಲಿ ತುಂಬಿಸಿಕೊಂಡರು, ಚೀಟಿ ಅಂಟಿಸಿದರು, ಕಾಫಿ ಕುಡಿದು ಹೋದರು. ಅವ್ವ ಅವರನ್ನು ‘ನೀರು ಚೆನ್ನಾಗಿದೆಯಾ ಸ್ವಾಮಿ’ ಅಂತ ಕೇಳಿದಳು. ‘ರಿಪೋರ್ಟ್ ಬರುತ್ತಮ್ಮ’ ಅಂದರು. ರಿಪೋರ್ಟು ಎಲ್ಲಿಗೋ ಬಂದಿರಬಹುದು. ನಮ್ಮ ಮನೆಗಂತೂ ಬರಲಿಲ್ಲ.

ದೇಶದಲ್ಲಿ ಎಷ್ಟು ಬಾವಿಗಳಿಂದ ಹೀಗೆ ಬಾಟಲಿ ತುಂಬಿರಬಹುದು, ಯೋಚನೆ ಮಾಡಿ. ಅಂಕಿಗಳು ಪ್ರಬಂಧವಾಗುತ್ತವೆ, ಪ್ರಬಂಧದಿಂದ ಡಾಕ್ಟರೇಟು, ಡಾಕ್ಟರೇಟಿನಿಂದ ನೌಕರಿ. ಬಾವಿಯ ಯಜಮಾನನಿಗೆ ಮಾತ್ರ ತನ್ನ ನೀರಿನಲ್ಲಿ ಏನಿತ್ತು ಅಂತ ಗೊತ್ತಾಗುವುದಿಲ್ಲ. ಆಸ್ಪತ್ರೆಯಲ್ಲಿ ರಕ್ತ ತೆಗೆದುಕೊಂಡು ವರದಿಯನ್ನು ರೋಗಿಗೆ ಕೊಡದೆ ಜರ್ನಲ್‌ಗೆ ಕಳಿಸಿದರೆ ನಾವು ಸುಮ್ಮನಿರುತ್ತೇವಾ? ನೀರಿನ ವಿಷಯದಲ್ಲಿ ಯಾಕೆ ಸುಮ್ಮನಿದ್ದೇವೆ?

ಇದಕ್ಕೆ ಉತ್ತರವಾಗಿ ಸಂಸ್ಥೆಗಳು, ವಿಶ್ವವಿದ್ಯಾಲಯಗಳ ಪರಿಸರ ವಿಭಾಗಗಳು ತೋರಿಸುವುದು ‘ಜನಸಂಪರ್ಕ ಕಾರ್ಯಕ್ರಮ’. ಜೂನ್ 5ಕ್ಕೆ ಸಸಿ ನೆಡುವುದು, ಚಿತ್ರಕಲಾ ಸ್ಪರ್ಧೆ, ಘೋಷವಾಕ್ಯ ಸ್ಪರ್ಧೆ, ವರ್ಷಕ್ಕೊಂದು ದಿನ ಗೇಟು ತೆಗೆದು ಶಾಲೆ ಮಕ್ಕಳಿಗೆ ಲ್ಯಾಬು ತೋರಿಸುವುದು. 2017ರಲ್ಲಿ ಸಿಎಸ್‌ಐಆರ್ ‘ಜಿಜ್ಞಾಸಾ’ ಅಂತ ಶುರು ಮಾಡಿತು, ತನ್ನ 38 ಪ್ರಯೋಗಾಲಯಗಳನ್ನು 1,151 ಕೇಂದ್ರೀಯ ವಿದ್ಯಾಲಯಗಳಿಗೆ ಜೋಡಿಸುವ ಯೋಜನೆ. ಒಳ್ಳೆಯದೇ. ಮಕ್ಕಳು ವಿಜ್ಞಾನಿಯನ್ನು ಕಣ್ಣಾರೆ ನೋಡುವುದಕ್ಕೆ ಬೆಲೆ ಇದೆ. ಆದರೆ ಮೊದಲ ಬಾಗಿಲು ತೆರೆದದ್ದು ಯಾರಿಗೆ, ಗಮನಿಸಿ: ಹೆಚ್ಚಾಗಿ ಕೇಂದ್ರ ಸರ್ಕಾರಿ ನೌಕರರ ಮಕ್ಕಳು ಓದುವ, ಹಿಂದಿ-ಇಂಗ್ಲಿಷಿನ ಶಾಲೆಗಳಿಗೆ. ಇಲ್ಲಿ ನಾಗ ನದಿ ಅನ್ನುವ ಗಟಾರದ ದಂಡೆಯ ಮೇಲೆ ಮರಾಠಿ ಶಾಲೆಗೆ ಹೋಗುವ ಹುಡುಗನ ಮೂಗಿಗೆ ಪರಿಸರದ ಪಾಠ ಪ್ರತಿದಿನ ಸಿಗುತ್ತದೆ. ಆ ವಾಸನೆಯಲ್ಲಿ ಏನಿದೆ ಅಂತ ಅವನಿಗೆ ಮೊದಲು ಹೇಳಬೇಕಿತ್ತು.

ಆ ನದಿಯ ಶುದ್ಧೀಕರಣಕ್ಕೆ 2022ರ ಡಿಸೆಂಬರ್ 11ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದರು, 1,925 ಕೋಟಿ ರೂಪಾಯಿಗೂ ಮೇಲಿನ ಯೋಜನೆ. ನಾನು ದಾಟುವ ಸೇತುವೆಗಳ ಮೇಲೆ ಜಾಹೀರಾತಿಗೆ ಬೇಕಾದಷ್ಟು ಜಾಗವಿದೆ. ‘ಈ ತಿಂಗಳು ಈ ನೀರಿನಲ್ಲಿ ಇಷ್ಟು ಕೊಳಕಿದೆ, ಕಳೆದ ವರ್ಷ ಇಷ್ಟಿತ್ತು’ ಅಂತ ಮರಾಠಿಯಲ್ಲಿ ಬರೆದ ಒಂದು ಬೋರ್ಡು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

ಭಾಷೆಯ ಮಾತು ಬಂತು, ಕಾನೂನು ಏನು ಹೇಳುತ್ತದೆ ನೋಡೋಣ. ದೊಡ್ಡ ಯೋಜನೆಗೆ ಜನರ ಅಹವಾಲು ಸಭೆ ನಡೆಸಬೇಕು ಅನ್ನುವ 2006ರ ಅಧಿಸೂಚನೆ ಇದೆಯಲ್ಲ, ಅದರ ಪ್ರಕಾರ ಸ್ಥಳೀಯ ಭಾಷೆಯಲ್ಲಿ ಕೊಡಬೇಕಾದದ್ದು ಪರಿಸರ ಪರಿಣಾಮ ವರದಿಯ ಸಾರಾಂಶ ಮಾತ್ರ. ನೂರಾರು ಪುಟದ ಮೂಲ ಇಂಗ್ಲಿಷಿನಲ್ಲಿದ್ದರೆ ಸಾಕು. 2023ರ ಮೇ ತಿಂಗಳ ಬಿಸಿಲಲ್ಲಿ ನಮ್ಮ ಪಕ್ಕದ ಕೋರಾಡಿಯಲ್ಲಿ ಇನ್ನೆರಡು 660 ಮೆಗಾವಾಟಿನ ಕಲ್ಲಿದ್ದಲು ಘಟಕಗಳಿಗೆ ಇಂಥ ಸಭೆ ನಡೆಯಿತು. ಬೂದಿ ಬೀಳುವುದು ಹಳ್ಳಿಯವರ ಮೇಲೆ, ಬೂದಿಯ ಲೆಕ್ಕ ಇರುವುದು ಅವರಿಗೆ ಬಾರದ ಭಾಷೆಯಲ್ಲಿ. 2020ರಲ್ಲಿ ಹೊಸ ಅಧಿಸೂಚನೆಯ ಕರಡು ಬಂದಾಗ ಅದನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲೂ ಕೊಡಿ ಅಂತ ದೆಹಲಿ ಹೈಕೋರ್ಟ್ ಜೂನ್ 30ರಂದು ಆದೇಶ ಮಾಡಿತು. ಕೇಂದ್ರ ಸರ್ಕಾರ ಏನು ಮಾಡಿತು? ಅನುವಾದ ಮಾಡಿಸುವ ಬದಲು ಸುಪ್ರೀಂ ಕೋರ್ಟಿಗೆ ಹೋಯಿತು! ಅದೇ ಆಗಸ್ಟಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಆ ಕರಡನ್ನು ಅಂತಿಮಗೊಳಿಸದಂತೆ ತಡೆ ಕೊಟ್ಟಿತು. ಕನ್ನಡದಲ್ಲಿ ಓದುವ ಹಕ್ಕಿಗಾಗಿ ಕೋರ್ಟು ಹತ್ತಬೇಕಾದ ಕಾಲ.

ಹೇಳದೆ ಇಟ್ಟರೆ ಏನಾಗುತ್ತದೆ ಅನ್ನುವುದನ್ನು ಮಲೆನಾಡಿನವರು ನನಗಿಂತ ಚೆನ್ನಾಗಿ ಬಲ್ಲರು. ಮಾಧವ ಗಾಡ್ಗೀಳರ ಸಮಿತಿ ಪಶ್ಚಿಮ ಘಟ್ಟದ ವರದಿ ಕೊಟ್ಟದ್ದು 2011ರ ಆಗಸ್ಟಿನಲ್ಲಿ. ಸರ್ಕಾರ ಅದನ್ನು ಬಚ್ಚಿಟ್ಟಿತು. ಮಾಹಿತಿ ಹಕ್ಕಿನ ಜಗಳವಾಗಿ 2012ರಲ್ಲಿ ಹೊರಗೆ ಬಂತು. ಇದು ಗ್ರಾಮಸಭೆಗಳ ಮುಂದೆ ಹೋಗಬೇಕು, ಜನರ ಭಾಷೆಯಲ್ಲಿ ಹೋಗಬೇಕು ಅನ್ನುವುದು ಗಾಡ್ಗೀಳರದ್ದೇ ಮಾತಾಗಿತ್ತು. ಹೋಗಲಿಲ್ಲ. ವರದಿಯ ಬದಲು ಊರಿಗೆ ಹೋದದ್ದು ವದಂತಿ. ಮನೆ ಕಟ್ಟುವ ಹಾಗಿಲ್ಲವಂತೆ, ದನ ಮೇಯಿಸುವ ಹಾಗಿಲ್ಲವಂತೆ, ಎಬ್ಬಿಸುತ್ತಾರಂತೆ... ಓದಿದವರು ಬೆರಳೆಣಿಕೆ, ಹೆದರಿದವರು ಊರಿಗೆ ಊರು.

‘ವಿಜ್ಞಾನಿಯ ಕೆಲಸ ಸಂಶೋಧನೆ ಕಣ್ರೀ, ಊರೂರು ಸುತ್ತಿ ಹೇಳುವುದು ಅವನ ಕೆಲಸವಲ್ಲ’ ಅಂತ ಒಬ್ಬ ಹಿರಿಯರು ನನಗೆ ಹೇಳಿದರು. ‘ಹೇಳಿದರೂ ಜನಕ್ಕೆ ಅರ್ಥವಾಗೋದಿಲ್ಲ’ ಅಂತ ಇನ್ನೊಬ್ಬರು. ಮೊದಲನೆಯದಕ್ಕೆ ನನ್ನ ಉತ್ತರ: ಸುತ್ತುವುದು ಬೇಡ, ಬಾಟಲಿ ತುಂಬಿಸಲು ಹೇಗೂ ಬಂದಿರಿ, ಇನ್ನೊಂದು ಸಲ ಬನ್ನಿ. ಎರಡನೆಯದಕ್ಕೆ ಉತ್ತರ ನಮ್ಮ ಇತಿಹಾಸದಲ್ಲೇ ಇದೆ. 1981ರಲ್ಲಿ ಶಿರಸಿಯಲ್ಲಿ ಅಡಿಕೆ ತೋಟದವರು ವಿಜ್ಞಾನಿಗಳನ್ನು ಕೂರಿಸಿಕೊಂಡು ಬೇಡ್ತಿ ಅಣೆಕಟ್ಟಿನ ಲಾಭ-ನಷ್ಟದ ಲೆಕ್ಕವನ್ನು ಸಾಲುಸಾಲಾಗಿ ಪ್ರಶ್ನೆ ಮಾಡಿದರು. ಯೋಜನೆ ಬದಿಗೆ ಸರಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಾಡ್ಗೀಳರು 1983ರಲ್ಲಿ ಕಟ್ಟಿದ ಪರಿಸರ ಕೇಂದ್ರ 1998ರಿಂದ ಕೆರೆಗಳ ಬಗ್ಗೆ ಸಮ್ಮೇಳನ ನಡೆಸುತ್ತ ಬಂದಿದೆ. ಅಲ್ಲಿ ಶಾಲೆ ಮಕ್ಕಳೂ ತಮ್ಮೂರ ಕೆರೆಯನ್ನು ಅಳೆದು ಬಂದು ಪ್ರಬಂಧ ಓದುತ್ತಾರೆ. 2019ರಲ್ಲಿ ಬಂದ ಜಲ ಜೀವನ್ ಮಿಷನ್ ಪ್ರತಿ ಹಳ್ಳಿಯಲ್ಲಿ ಐದು ಹೆಂಗಸರಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು ಕಲಿಸಬೇಕು ಅನ್ನುತ್ತದೆ. ಅಳೆಯುವುದು ಅವರಿಗೆ ಬರುತ್ತದೆ ಅಂತ ಸರ್ಕಾರವೇ ಒಪ್ಪಿದ ಮೇಲೆ ಅರ್ಥವಾಗುವುದಿಲ್ಲ ಅನ್ನುವ ಮಾತೆಲ್ಲಿ ಉಳಿಯಿತು?

ಇನ್ನೊಂದು ಹೇಳಿಬಿಡ್ತೀನಿ. ಹಸಿರು ಪಟಾಕಿಯ ಗುರುತು ಶಿವಕಾಶಿಯಿಂದ ಹೊರಟು ಹಳ್ಳಿ ಅಂಗಡಿಯ ಡಬ್ಬಿಯವರೆಗೆ ಮುಟ್ಟಿತು. ಯಾಕೆ? ಕೋರ್ಟಿನ ಕಣ್ಣಿತ್ತು, ಮಾರುವವರಿಗೆ ಗರಜಿತ್ತು. ಫ್ಲೋರೈಡ್ ನೀರು ಕುಡಿಯುವವರಿಂದ ಯಾರಿಗೂ ವ್ಯಾಪಾರವಿಲ್ಲ. ವ್ಯಾಪಾರವಿಲ್ಲದ ಕಡೆ ತಲುಪಿಸಲಿಕ್ಕೆ ಅಂತಲೇ ತಾನೇ ಸರ್ಕಾರಿ ಸಂಸ್ಥೆ ಇರುವುದು?

ನಾನು ಕೇಳುವುದು ದೊಡ್ಡದೇನಲ್ಲ. ಜನರ ದುಡ್ಡಿನಲ್ಲಿ ನಡೆದ ಪ್ರತಿಯೊಂದು ಅಧ್ಯಯನಕ್ಕೂ ಆಯಾ ಊರಿನ ಭಾಷೆಯಲ್ಲಿ ಎರಡು ಪುಟ ಬರೆಯಬೇಕು. ತಾರೀಕು, ಅಂಕಿ, ಬರೆದವರ ಸಹಿ ಇರಬೇಕು. ಯಾರ ಬಾವಿಯಿಂದ ನೀರು ತೆಗೆದರೋ ಅವರ ಕೈಗೆ ಮೊದಲ ಪ್ರತಿ, ಪಂಚಾಯಿತಿ ಗೋಡೆಗೆ ಎರಡನೆಯದು, ಜರ್ನಲ್‌ಗೆ ಆಮೇಲೆ. ಇಷ್ಟಾಗದ ಹೊರತು ಯೋಜನೆಯ ಕೊನೆಯ ಕಂತು ಬಿಡುಗಡೆ ಮಾಡಬಾರದು. ಡಾಕ್ಟರೇಟಿಗೂ ಇದೇ ನಿಯಮ. ಕೇಂದ್ರದ ಕಚೇರಿಗಳಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಹಿಂದಿ ಪಖವಾಡಾ ಮಾಡಲು ಹಣ, ಸಿಬ್ಬಂದಿ, ಬಹುಮಾನ ಎಲ್ಲ ಇದೆ. ಅದರಲ್ಲಿ ಒಂದು ಪಾಲು ಸಾಕು.

ಇನ್ನು ನಮ್ಮ ಪಾಲು. ಹೊರನಾಡಿನ ನಮಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿಯೋ ತಮಿಳೋ ಗುಜರಾತಿಯೋ, ಕಚೇರಿಯಲ್ಲಿ ಇಂಗ್ಲಿಷು. ಈ ಸಂಸ್ಥೆಗಳಿಗೆ ಯಾವುದು ಇಲ್ಲವೋ ಅದೇ ನಮ್ಮ ಹತ್ತಿರ ರಾಶಿ ಬಿದ್ದಿದೆ. ಪ್ರತಿ ಊರಿನ ಕನ್ನಡ ಬಳಗದಲ್ಲೂ ನಿವೃತ್ತ ಎಂಜಿನಿಯರ್, ಮೇಷ್ಟ್ರು, ಬ್ಯಾಂಕಿನವರು ಇರುತ್ತಾರೆ. ರಾಜ್ಯೋತ್ಸವದ ಸ್ಮರಣ ಸಂಚಿಕೆಯಲ್ಲಿ ಜಾಹೀರಾತುಗಳ ನಡುವೆ ನಾಲ್ಕು ಪುಟ ಬಿಡಿ. ನಿಮ್ಮೂರ ನೀರಿನ ಬಗ್ಗೆ ಇಂಗ್ಲಿಷಿನಲ್ಲಿ ಏನು ಬಂದಿದೆ ಹುಡುಕಿ, ಕನ್ನಡಕ್ಕೆ ತಂದು ಊರಿನ ಪಂಚಾಯಿತಿಗೆ ಅಂಚೆಯಲ್ಲಿ ಹಾಕಿ. ತಿಳಿಯದ ಕಡೆ ಬರೆದವರಿಗೇ ಕಾಗದ ಬರೆದು ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿಗೆ ಹತ್ತು ರೂಪಾಯಿ ಕಟ್ಟಿ.

ನಾನು ನಲ್ಗೊಂಡ ವಿಧಾನದ ಕೋಷ್ಟಕದಿಂದಲೇ ಶುರು ಮಾಡಿದ್ದೇನೆ. ಪಾವಗಡ, ಮಧುಗಿರಿ, ಚಿತ್ರದುರ್ಗ, ಬಾಗೇಪಲ್ಲಿ ಕಡೆಯವರು ಯಾರಾದರೂ ಕೈಜೋಡಿಸುವುದಾದರೆ ತಿಳಿಸಿ. ನಿಮ್ಮ ಬಾವಿಯ ಅಂಕಿ ನಿಮಗೆ ಗೊತ್ತಿದ್ದರೆ ಅದನ್ನೂ ಬರೆಯಿರಿ. ಗೊತ್ತಿಲ್ಲ ಅಂದರೆ, ಯಾರಿಗೆ ಗೊತ್ತಿದೆ ಅಂತ ಇವತ್ತೇ ವಿಚಾರಿಸಿ.