ಧೂಮಪಾನ ಬಿಟ್ಟವನ ಜೊತೆಗಿರುವವರು ಯಾರು?

ತಂಬಾಕಿನ ಮಾರಾಟ ಮತ್ತು ಬಳಕೆಯನ್ನು ನಿಯಂತ್ರಿಸಲು ಕರ್ನಾಟಕ ವಿಧಾನಮಂಡಲವು 2024ರಲ್ಲಿ ಅಂಗೀಕರಿಸಿದ ತಿದ್ದುಪಡಿ ಕಾಯಿದೆಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತು, ಅದು ರಾಜ್ಯದಲ್ಲಿ ಜಾರಿಗೆ ಬಂದಿದೆ. ಇದರ ಪ್ರಕಾರ 21 ವರ್ಷ ತುಂಬದವರಿಗೆ ಸಿಗರೇಟು, ಬೀಡಿ ಮೊದಲಾದ ತಂಬಾಕಿನ ಪದಾರ್ಥಗಳನ್ನು ಮಾರುವಂತಿಲ್ಲ. ವಿದ್ಯಾಸಂಸ್ಥೆಗಳ ಸುತ್ತ 100 ಮೀಟರ್ ವ್ಯಾಪ್ತಿಯಲ್ಲಿ ಮಾರುವಂತಿಲ್ಲ. ಪೊಟ್ಟಣ ಒಡೆದು ಬಿಡಿಬಿಡಿಯಾಗಿಯೂ ಮಾರುವಂತಿಲ್ಲ. ಸಾರ್ವಜನಿಕ ಸ್ಥಳಗಳಲ್ಲಿ ಸೇದುವವರಿಗೆ 200 ರೂಪಾಯಿಯಿದ್ದ ದಂಡವನ್ನು 1,000 ರೂಪಾಯಿಗೆ ಏರಿಸಲಾಗಿದೆ. ಹುಕ್ಕಾ ಬಾರುಗಳಿಗೆ ನಿಷೇಧ ಬಿದ್ದಿದೆ. ಈ ಕ್ರಮಗಳನ್ನು ನಾವು ತುಂಬು ಮನಸ್ಸಿನಿಂದ ಸ್ವಾಗತಿಸುತ್ತೇವೆ. ಆದರೆ ಕಾಯಿದೆಯ ಕೈ ಎಲ್ಲಿಯವರೆಗೆ ಚಾಚಬಲ್ಲದು, ಎಲ್ಲಿ ಅದು ನಿಂತುಬಿಡುತ್ತದೆ ಎಂಬುದನ್ನೂ ವಿಚಾರ ಮಾಡಬೇಕಾಗಿದೆ.

ಶಿವಾಜಿನಗರದ ಬಸ್ ನಿಲ್ದಾಣದ ಸುತ್ತಲಿನ ಟೀ ಅಂಗಡಿಗಳ ಮುಂದೆ, ಹಲಸೂರಿನ ಬೇಕರಿಗಳ ಮುಂದೆ, ಇಂದಿರಾನಗರ ಮತ್ತು ಕೆ.ಆರ್. ಪುರದ ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ಸಂಜೆಯ ಹೊತ್ತು ಕ್ಷಣಕಾಲ ನಿಂತು ನೋಡಿದರೆ ಸಾಕು. ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈಯಲ್ಲಿ ಸಿಗರೇಟು. ಆಟೋ ಚಾಲಕ, ಕೂಲಿಗಾರ, ಸಾಫ್ಟ್‌ವೇರ್ ಇಂಜಿನಿಯರ್, ಕಾಲೇಜು ವಿದ್ಯಾರ್ಥಿ ಎಂಬ ಭೇದ ಅಲ್ಲಿ ಇಲ್ಲ. ಕಾಯಿದೆಯು ಮಾರುವವನ ಕೈಯನ್ನು ತಡೆಯಬಹುದು. ಸೇದುವವನ ಮನಸ್ಸಿನೊಡನೆ ಮಾತನಾಡುವವರು ಬೇರೆಯವರೇ ಆಗಬೇಕು.

ಅಂಥ ಮಾತಿಗೆ ಕಿವಿಗೊಡುವವರು ಇದ್ದಾರೆಯೇ? ಇದ್ದಾರೆ, ಅದೂ ಬಹುಸಂಖ್ಯೆಯಲ್ಲಿ. ವಯಸ್ಕರ ತಂಬಾಕು ಬಳಕೆಯನ್ನು ಕುರಿತ ಜಾಗತಿಕ ಸಮೀಕ್ಷೆಯ ಅಂಕಿಅಂಶಗಳಂತೆ ಕರ್ನಾಟಕದಲ್ಲಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುವವರ ಪ್ರಮಾಣ 2009-10ರಲ್ಲಿ ಶೇಕಡಾ 28.2 ಇದ್ದದ್ದು 2016-17ರ ವೇಳೆಗೆ ಶೇಕಡಾ 22.8ಕ್ಕೆ ಇಳಿದಿತ್ತು. ಧೂಮಪಾನ ಮಾಡುವವರು ಶೇಕಡಾ 8.8ರಷ್ಟಿದ್ದರು. ಅದೇ ಎರಡನೆಯ ಸಮೀಕ್ಷೆಯಲ್ಲಿ, ದೇಶದ ಧೂಮಪಾನಿಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಚಟವನ್ನು ಬಿಡಬೇಕೆಂಬ ಯೋಚನೆಯಲ್ಲಿದ್ದೇವೆಂದು ತಿಳಿಸಿದರು. ಪ್ರತಿ ಹತ್ತು ಮಂದಿಯಲ್ಲಿ ಸುಮಾರು ನಾಲ್ವರು ಹಿಂದಿನ ಒಂದು ವರ್ಷದಲ್ಲಿ ಬಿಡಲು ಪ್ರಯತ್ನಿಸಿಯೂ ಇದ್ದರು. ಅಂದರೆ ಕೊರತೆ ಇರುವುದು ತಿಳಿವಳಿಕೆಯದ್ದಲ್ಲ, ಇಚ್ಛೆಯದ್ದೂ ಅಲ್ಲ. ಬಿಟ್ಟ ಮೇಲೆ ಬಿಟ್ಟೇ ಇರುವುದರಲ್ಲಿ ನಿಜವಾದ ಕಷ್ಟವಿದೆ.

ಗ್ರೀಕ್ ದಾರ್ಶನಿಕ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಇಬ್ಬರನ್ನು ಬೇರ್ಪಡಿಸಿ ತೋರಿಸುತ್ತಾನೆ. ಭೋಗವೇ ಸರಿಯೆಂದು ನಂಬಿ ಅದನ್ನು ಬೆನ್ನಟ್ಟುವವನು ಒಬ್ಬ. ತಪ್ಪೆಂದು ಬಲ್ಲವನಾಗಿಯೂ ಆಸೆಗೆ ಸೋತು, ಅನಂತರ ಮರುಗುವವನು ಇನ್ನೊಬ್ಬ. ಈ ಎರಡನೆಯವನಿಗೆ ಚಿಕಿತ್ಸೆ ಸಾಧ್ಯವೆಂಬುದು ಆತನ ಅಭಿಪ್ರಾಯ. ನಮ್ಮ ಮನೆಗಳಲ್ಲಿ ಸಿಗರೇಟು ಸೇದುವವರು ಬಹುಮಟ್ಟಿಗೆ ಈ ಎರಡನೆಯ ಬಗೆಯವರು. ಪೊಟ್ಟಣದ ಮೇಲಿನ ಭೀಕರ ಚಿತ್ರವನ್ನು ಅವರು ದಿನವೂ ನೋಡುತ್ತಾರೆ. ಗೊತ್ತಿರುವುದನ್ನೇ ಅವರಿಗೆ ಮತ್ತೆ ಮತ್ತೆ ಬೋಧಿಸುವುದರಿಂದ ಪ್ರಯೋಜನ ಕಡಿಮೆ. ಅವರಿಗೆ ಬೇಕಾಗಿರುವುದು ಬೋಧಕನಲ್ಲ, ಸಂಗಾತಿ.

ಸಂಗಾತಿಯಾಗಬೇಕಾದವನು ಈ ಚಟದ ಸ್ವರೂಪವನ್ನು ಕೊಂಚ ತಿಳಿದಿರಬೇಕು. ಹೊಗೆ ಎಳೆದುಕೊಂಡ ಕೆಲವೇ ಕ್ಷಣಗಳಲ್ಲಿ ನಿಕೋಟಿನ್ ಮಿದುಳನ್ನು ಮುಟ್ಟುತ್ತದೆ. ವರ್ಷಗಟ್ಟಲೆ ಹೀಗೆ ಪಳಗಿದ ಮಿದುಳು, ಅದು ದೊರೆಯದಿದ್ದಾಗ ಪ್ರತಿಭಟಿಸುತ್ತದೆ. ಬಿಟ್ಟ ಮೊದಲ ಎರಡು ಮೂರು ದಿನಗಳು ಅತ್ಯಂತ ಕಠಿಣ. ಸಿಡುಕು, ನಿದ್ರಾಹೀನತೆ, ಏಕಾಗ್ರತೆಯಿಲ್ಲದಿರುವಿಕೆ, ಅತಿಯಾದ ಹಸಿವು, ಇವೆಲ್ಲ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತವೆ. ಸೇದಬೇಕೆಂಬ ತೀವ್ರ ತುಡಿತವಾದರೋ ಬಂದಾಗ ಕೆಲವೇ ನಿಮಿಷ ಇದ್ದು ಹೋಗುತ್ತದೆ. ಆದರೆ ಆ ಕೆಲವು ನಿಮಿಷಗಳಲ್ಲಿ ಟೀ ಅಂಗಡಿ ಎದುರಿಗಿದ್ದು, ಗೆಳೆಯನೊಬ್ಬ ಪೊಟ್ಟಣ ಮುಂದೆ ಚಾಚಿದರೆ ಒಂದು ತಿಂಗಳ ಸಾಧನೆ ಅಲ್ಲಿಯೇ ಕರಗಿಹೋಗಬಹುದು. ಹಾಗೆಯೇ ಆ ಹೊತ್ತಿನಲ್ಲಿ ಮಾತಿಗೊಬ್ಬರು ಸಿಕ್ಕಿ, ಒಂದು ಲೋಟ ನೀರು ಕುಡಿದು ನಾಲ್ಕು ಹೆಜ್ಜೆ ನಡೆದರೆ ಅದು ಉಳಿಯಲೂಬಹುದು.

ಆದ್ದರಿಂದ ಮೊದಲ ಜವಾಬ್ದಾರಿ ಮನೆಯವರದು. ಮನೆಯಜಮಾನರು ಸಿಗರೇಟು ಬಿಟ್ಟೆನೆಂದಾಗ "ಎಷ್ಟು ದಿನ ನಡೆಯುತ್ತದೋ ನೋಡೋಣ" ಎಂದು ನಗುವುದು ನಮ್ಮಲ್ಲಿ ರೂಢಿ. ಈ ಮಾತು ಬಿಟ್ಟವನ ಬೆನ್ನ ಮೇಲೆ ಬೀಳುವ ಏಟು. ಅವರ ಮೊದಲ ಹದಿನೈದು ದಿನಗಳ ಸಿಡುಕನ್ನು ಜ್ವರದವನ ನರಳಾಟವೆಂದು ತಿಳಿದು ಸಹಿಸಿಕೊಳ್ಳಬೇಕು. ಮನೆಯಲ್ಲಿರುವ ಬೂದಿಬಟ್ಟಲು, ಲೈಟರುಗಳನ್ನು ತೆಗೆದುಹಾಕಬೇಕು. ಅಪ್ಪನಿಗಾಗಿ ಮಗನನ್ನು ಅಂಗಡಿಗೆ ಕಳುಹಿಸಿ ಸಿಗರೇಟು ತರಿಸುವ ಪದ್ಧತಿ ಎಲ್ಲಿಯೇ ಉಳಿದಿದ್ದರೂ ಇಂದೇ ನಿಲ್ಲಬೇಕು. ಮಗನಿಗೆ ಅದೇ ಮೊದಲ ಪಾಠ. ಬಿಟ್ಟ ದಿನದಿಂದ ಉಳಿದ ಹಣವನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟು ತಿಂಗಳ ಕೊನೆಗೆ ಮನೆಯವರೆಲ್ಲ ಕುಳಿತು ಎಣಿಸಿದರೆ, ಯಾವ ಉಪದೇಶವೂ ಹೇಳದ ಮಾತನ್ನು ಆ ಡಬ್ಬಿಯೇ ಹೇಳುತ್ತದೆ.

ಬಿಟ್ಟವನು ಎಂದಾದರೂ ಎಡವಿದರೆ? ಬಹಳ ಮಂದಿ ಎಡವುತ್ತಾರೆ. ಶಾಶ್ವತವಾಗಿ ಬಿಡುವ ಮುನ್ನ ಹಲವು ಬಾರಿ ಪ್ರಯತ್ನಿಸಬೇಕಾಗುವುದು ಈ ಚಟದ ಸ್ವಭಾವವೇ ಆಗಿದೆಯೆಂದು ವೈದ್ಯರು ಬಲ್ಲರು. ಒಂದು ಸಿಗರೇಟು ಸೇದಿದ್ದಕ್ಕಾಗಿ "ಇನ್ನು ನನ್ನಿಂದಾಗದು" ಎಂದು ಪೊಟ್ಟಣವನ್ನೇ ಮುಗಿಸುವವನನ್ನು ಹೆಚ್ಚಾಗಿ ಸೋಲಿಸಿರುವುದು ತಂಬಾಕಲ್ಲ, ನಾಚಿಕೆ. ಸಂತ ಪೇತ್ರರು ಒಂದೇ ರಾತ್ರಿಯಲ್ಲಿ ಮೂರು ಬಾರಿ ತಮ್ಮ ಪ್ರಭುವನ್ನು ಅರಿಯೆನೆಂದರು. ಪುನರುತ್ಥಾನದ ಬಳಿಕ ಪ್ರಭು ಅವರ ತಪ್ಪಿನ ಲೆಕ್ಕವನ್ನು ಕೇಳಲಿಲ್ಲ. ಪ್ರೀತಿಯನ್ನು ಕುರಿತು ಮೂರು ಬಾರಿ ಕೇಳಿ, ಮಂದೆಯನ್ನೇ ಅವರ ಕೈಗಿತ್ತರು. ಎಡವಿದವನ ಎದುರಿನಲ್ಲಿ ಕ್ರೈಸ್ತ ಕುಟುಂಬವೊಂದು ನಡೆದುಕೊಳ್ಳಬೇಕಾದ ರೀತಿ ಇದೇ ಎಂದು ನಾವು ಭಾವಿಸುತ್ತೇವೆ.

ಧರ್ಮಸಭೆಯ ಇತಿಹಾಸವೂ ಇಲ್ಲಿ ನಮಗೊಂದು ಪಾಠವನ್ನು ಕಲಿಸುತ್ತದೆ. 1642ರಲ್ಲಿ ಎಂಟನೆಯ ಅರ್ಬನ್ ಜಗದ್ಗುರುಗಳು ಸ್ಪೇನಿನ ಸೆವಿಲ್ ಧರ್ಮಪ್ರಾಂತ್ಯದ ದೇವಾಲಯಗಳಲ್ಲಿ ತಂಬಾಕು ಬಳಸುವವರಿಗೆ ಬಹಿಷ್ಕಾರದ ದಂಡನೆಯನ್ನು ಘೋಷಿಸಿದರು. 1725ರಲ್ಲಿ ಹದಿಮೂರನೆಯ ಬೆನೆಡಿಕ್ಟರು ಅಂಥ ನಿರ್ಬಂಧವನ್ನು ಸಡಿಲಿಸಿದರು. ದಂಡನೆ ಬಂದಿತು, ಹೋಯಿತು, ತಂಬಾಕು ಉಳಿಯಿತು. ನಮ್ಮ ಕಾಲದಲ್ಲಿ ದಿವಂಗತ ಜಗದ್ಗುರು ಫ್ರಾನ್ಸಿಸರು ಹಿಡಿದ ದಾರಿ ಬೇರೆ. ವ್ಯಾಟಿಕನ್ ತನ್ನ ನೌಕರರಿಗೆ ಕಡಿಮೆ ದರದಲ್ಲಿ ಸಿಗರೇಟು ಮಾರುತ್ತಿದ್ದುದನ್ನು 2018ರಿಂದ ನಿಲ್ಲಿಸುವುದಾಗಿ 2017ರ ನವೆಂಬರಿನಲ್ಲಿ ಪ್ರಕಟಿಸಲಾಯಿತು. ಆ ಮಾರಾಟದಿಂದ ಆದಾಯವಿದ್ದರೂ, ಜನರ ಆರೋಗ್ಯವನ್ನು ಕೆಡಿಸುವ ಕಾರ್ಯದಲ್ಲಿ ಪಾಲುಗಾರರಾಗಲು ಸಾಧ್ಯವಿಲ್ಲವೆಂಬುದು ಅದಕ್ಕೆ ಕೊಟ್ಟ ಕಾರಣ. ಇತರರನ್ನು ದಂಡಿಸುವ ಮೊದಲು ತನ್ನ ಲಾಭವನ್ನು ತಾನು ಬಿಟ್ಟುಕೊಡುವುದು ಈ ಎರಡನೆಯ ದಾರಿ.

ದಂಡು ಪ್ರದೇಶದವರಾದ ನಮಗೆ ಈ ಮಾತು ಹತ್ತಿರದ್ದು. ಒಂದು ಶತಮಾನದ ಹಿಂದೆ ಇಂಪೀರಿಯಲ್ ಟೊಬ್ಯಾಕೊ ಕಂಪನಿಯ ಸಿಗರೇಟು ಕಾರ್ಖಾನೆ ತಲೆಯೆತ್ತಿದ್ದು ನಮ್ಮ ಫ್ರೇಜರ್ ಟೌನ್ ಮಗ್ಗುಲಲ್ಲಿಯೇ. ಸುತ್ತಲಿನ ಬಡಾವಣೆಗಳ ಎಷ್ಟೋ ಮನೆಗಳ ಒಲೆ ಉರಿದದ್ದು ಆ ಸಂಬಳದಿಂದ. ಇಂದಿಗೂ ಹುಣಸೂರು, ಪಿರಿಯಾಪಟ್ಟಣಗಳ ರೈತರು ತಂಬಾಕನ್ನೇ ನಂಬಿದ್ದಾರೆ. ಕರಾವಳಿಯ ಬಡ ಹೆಣ್ಣುಮಕ್ಕಳು ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಾರೆ. ಅವರ ದುಡಿಮೆಯನ್ನು ಹೀನೈಸುವ ಹಕ್ಕು ನಮಗಿಲ್ಲ. ಅವರಿಗೆ ಬೇರೆ ಬದುಕು ಒದಗುವಂತೆ ಒತ್ತಾಯಿಸುವ ಹೊಣೆ ನಮಗಿದೆ. ಆ ಹಳೆಯ ಕಾರ್ಖಾನೆಯ ಆವರಣದಲ್ಲಿ ಇಂದು ಅದೇ ಸಮೂಹದ ಸಾಫ್ಟ್‌ವೇರ್ ಸಂಸ್ಥೆಯಿದೆ. ಒಂದು ಸ್ಥಳದ ಕಸುಬು ಬದಲಾಗಬಹುದಾದರೆ ಒಂದು ಸಮುದಾಯದ ರೂಢಿಯೂ ಬದಲಾಗಬಹುದು.

ಹಾಗಾದರೆ ನಮ್ಮ ಧರ್ಮಕೇಂದ್ರಗಳು ಮಾಡಬಹುದಾದುದೇನು? ಮೊದಲನೆಯದಾಗಿ, ಮದುವೆ, ಹಬ್ಬ, ಸಾವಿನ ಮನೆಯ ಜಾಗರಣೆಗಳಲ್ಲಿ ಬಂದವರಿಗೆ ಸಿಗರೇಟು ಬೀಡಿ ನೀಡುವುದೂ ಒಂದು ಸತ್ಕಾರವೆಂಬ ಭಾವನೆಯನ್ನು ಬಿಡೋಣ. ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾಗೆ ಸಾಗರದಂತೆ ಹರಿದು ಬರುವ ಜನರಲ್ಲಿ ಹರಕೆ ಹೊತ್ತು ಚಟ ಬಿಡುವವರೂ ಇರುತ್ತಾರೆ. ತಪಸ್ಸುಕಾಲದ ನಲವತ್ತು ದಿನ ಸಿಗರೇಟು ಮುಟ್ಟದವರು ಪ್ರತಿ ಧರ್ಮಕೇಂದ್ರದಲ್ಲಿಯೂ ಸಿಗುತ್ತಾರೆ. ವೈದ್ಯರು ಹೇಳುವ ಅತಿ ಕಠಿಣವಾದ ವಾರಗಳನ್ನು ಇವರು ಆಗಲೇ ದಾಟಿರುತ್ತಾರೆ. ಪಾಸ್ಕ ಹಬ್ಬದ ಮಾರನೆಯ ದಿನ ಅವರನ್ನು ವಿಚಾರಿಸುವವರು ಮಾತ್ರ ಯಾರೂ ಇಲ್ಲ. ನಮ್ಮ ಕಿರು ಕ್ರೈಸ್ತ ಸಮುದಾಯಗಳು, ವಿನ್ಸೆಂಟ್ ದೇ ಪೌಲ್ ಸಭೆಗಳು ಅಂಥ ಒಬ್ಬೊಬ್ಬರಿಗೆ ಒಬ್ಬೊಬ್ಬ ಜೊತೆಗಾರನನ್ನು ಗೊತ್ತುಮಾಡಲಿ. ತಾನೇ ಹಿಂದೆ ಸೇದಿ ಬಿಟ್ಟವನಾದರೆ ಇನ್ನೂ ಉತ್ತಮ.

ಎರಡನೆಯದಾಗಿ, ವೈದ್ಯಕೀಯ ನೆರವನ್ನು ಪಡೆಯುವುದು ಮನೋಬಲವಿಲ್ಲದವರ ಲಕ್ಷಣವೆಂಬ ತಪ್ಪು ಕಲ್ಪನೆ ಹೋಗಲಿ. ನಿಕೋಟಿನ್ ಗಮ್ ಮತ್ತು ವೈದ್ಯರು ಬರೆದುಕೊಡುವ ಔಷಧಿಗಳು ಗೆಲ್ಲುವ ಸಂಭವವನ್ನು ಹೆಚ್ಚಿಸುತ್ತವೆ. 1800-11-2356 ಎಂಬ ಉಚಿತ ದೂರವಾಣಿ ಸೇವೆ 2016ರಲ್ಲಿ ದೆಹಲಿಯಲ್ಲಿ ಆರಂಭವಾಗಿ, 2018ರಲ್ಲಿ ನಮ್ಮ ನಗರದ ನಿಮ್ಹಾನ್ಸ್‌ಗೂ ವಿಸ್ತರಿಸಿತು. ಕನ್ನಡದಲ್ಲಿಯೇ ಮಾತನಾಡಬಹುದು. ಬಿಡುವ ದಿನವನ್ನು ಗೊತ್ತುಮಾಡಿದವರಿಗೆ ಸಲಹೆಗಾರರು ಅನಂತರ ತಾವಾಗಿಯೇ ಕರೆ ಮಾಡಿ ಯೋಗಕ್ಷೇಮ ಕೇಳುತ್ತಾರೆ. ಈ ಮರುಕರೆಯಲ್ಲಿಯೇ ಆ ಸೇವೆಯ ಗುಟ್ಟಿದೆ.

ಇಷ್ಟು ವರ್ಷ ಸೇದಿದ ಮೇಲೆ ಇನ್ನು ಬಿಟ್ಟು ಫಲವೇನು ಎನ್ನುವ ಹಿರಿಯರಿಗೆ ಒಂದು ಮಾತು. ಬ್ರಿಟನ್ನಿನ ವೈದ್ಯರನ್ನು ಐವತ್ತು ವರ್ಷಗಳ ಕಾಲ ಗಮನಿಸಿ, 2004ರಲ್ಲಿ ರಿಚರ್ಡ್ ಡಾಲ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಂತೆ, 60ನೆಯ ವಯಸ್ಸಿನಲ್ಲಿ ಬಿಟ್ಟವರಿಗೂ ಸರಾಸರಿ ಮೂರು ವರ್ಷಗಳ ಆಯುಸ್ಸು ಮರಳಿ ದೊರೆಯುತ್ತದೆ. 50ರಲ್ಲಿ ಬಿಟ್ಟರೆ ಆರು, 40ರಲ್ಲಿ ಒಂಬತ್ತು, 30ರಲ್ಲಿ ಹತ್ತು. ಮೂರು ವರ್ಷವೆಂದರೆ ಮೊಮ್ಮಗಳ ಪ್ರಥಮ ಪರಮಪ್ರಸಾದವನ್ನು ಕಣ್ಣಾರೆ ಕಾಣುವಷ್ಟು ಕಾಲ.

ನಮ್ಮ ಬಂಧುಬಳಗದಲ್ಲಿ, ನೆರೆಹೊರೆಯಲ್ಲಿ ಇತ್ತೀಚೆಗೆ ಸಿಗರೇಟು ಬಿಟ್ಟವರು ಒಬ್ಬರಾದರೂ ಇದ್ದೇ ಇರುತ್ತಾರೆ. ಈ ಭಾನುವಾರ ಬಲಿಪೂಜೆ ಮುಗಿದ ಮೇಲೆ ಅವರ ಬಳಿಗೆ ಹೋಗಿ, ಉಪದೇಶದ ಒಂದು ಮಾತನ್ನೂ ಆಡದೆ, ಹೇಗಿದ್ದೀರಿ ಎಂದು ಕೇಳೋಣ. ಮುಂದಿನ ಭಾನುವಾರವೂ ಕೇಳೋಣ.