ಅಧಿಕಾರದ ಸೋಗು

ಪೋಲೀಸರ ಮೇಲೆ ಹೂಡಿದ ದಾವೆಯು ಸಾಕ್ಷಿವಿಚಾರಣೆಗೆ ಮೊದಲೇ ವಜಾ ಆದರೆ, ಬಡ ಫಿರ್ಯಾದಿಯು ಅದನ್ನು ಹಣೆಯ ಬರಹವೆಂದು ತಿಳಿದು ಮನೆಗೆ ಮರಳುವುದೇ ನಮ್ಮಲ್ಲಿ ರೂಢಿಯಾಗಿದೆ. ಹಾಗೆ ಮರಳದವನೊಬ್ಬನ ಖಟ್ಲೆಯನ್ನು ವಾಚಕರ ಮುಂದಿಡುತ್ತೇವೆ.

1958ರ ಅಕ್ಟೋಬರಿನಲ್ಲಿ ಅಮೇರಿಕೆಯ ಶಿಕಾಗೋ ನಗರದ 13 ಮಂದಿ ಪೋಲೀಸರು ಬೆಳಗಿನ ಜಾವ ಕಪ್ಪು ವರ್ಣದ ಗೃಹಸ್ಥನೊಬ್ಬನ ಮನೆಯನ್ನು ವಾರಂಟಿಲ್ಲದೆ ಒಡೆದು ಹೊಕ್ಕರು. ಗಂಡಹೆಂಡಿರನ್ನು ನಡುಮನೆಯಲ್ಲಿ ಬೆತ್ತಲೆ ನಿಲ್ಲಿಸಿ ಕೋಣೆಕೋಣೆಯನ್ನು ಜಾಲಾಡಿದರು. ಗೃಹಸ್ಥನನ್ನು 10 ಗಂಟೆಗಳ ಕಾಲ ಠಾಣೆಯಲ್ಲಿ ಕೂಡಿಹಾಕಿ, ಯಾವ ಆರೋಪವನ್ನೂ ಹೊರಿಸದೆ ಬಿಟ್ಟರು. ಇದು ಫಿರ್ಯಾದಿನ ಸಾರ. ಆರು ಮಕ್ಕಳಿದ್ದ ಮನೆಯದು.

1871ರ ಪೌರಹಕ್ಕುಗಳ ಕಾಯಿದೆಯ ಮೇರೆಗೆ ಹೂಡಿದ ಅವನ ದಾವೆ ವಜಾ ಆಯಿತು. ಅಪೀಲು ಕೋರ್ಟೂ ವಜಾವನ್ನೇ ಎತ್ತಿಹಿಡಿಯಿತು. ಪ್ರತಿವಾದಿಗಳ ವಾದವು ವಿಚಿತ್ರವಾದುದು: ತಾವು ಮಾಡಿದುದು ಸಂಸ್ಥಾನದ ಕಾಯಿದೆಗೇ ವಿರುದ್ಧವಾದುದರಿಂದ, ಅದು ಅಧಿಕಾರದ ಸೋಗಿನಲ್ಲಿ ನಡೆದ ಕೃತ್ಯವೇ ಅಲ್ಲವಂತೆ! ತಪ್ಪು ದೊಡ್ಡದಾದಷ್ಟೂ ರಕ್ಷಣೆ ಭದ್ರ. 1961ರ ಫೆಬ್ರವರಿ 20ರಂದು ಸರ್ವೋಚ್ಚ ನ್ಯಾಯಾಲಯವು, ನ್ಯಾಯಮೂರ್ತಿ ಡಗ್ಲಾಸರ ತೀರ್ಪಿನ ಮೂಲಕ, ಈ ವಾದವನ್ನು ತಳ್ಳಿತು. ಸರಕಾರ ಕೊಟ್ಟ ಅಧಿಕಾರವನ್ನು ದುರುಪಯೋಗಿಸುವುದೇ ಅಧಿಕಾರದ ಸೋಗು ಎಂದಿತು. ನಗರಸಭೆ ಆಗ ಪಾರಾಯಿತಾದರೂ (ಆ ಭಾಗವು 1978ರಲ್ಲಿ ಬದಲಾಯಿತು) ಅಧಿಕಾರಿಗಳ ಮೇಲಣ ದಾವೆ ಮತ್ತೆ ಜೀವ ತಳೆಯಿತು.

ಇನ್ನು ನಮ್ಮ ನಾಡಿನ ಮಾತು. ಏಕೀಕರಣಕ್ಕಾಗಿ 1953ರಲ್ಲಿ ಹುಬ್ಬಳ್ಳಿಯಲ್ಲಿ ಲಾಠಿಯೇಟು ತಿಂದ ಕನ್ನಡಿಗರು 1956ರ ನವೆಂಬರ್ 1ರಂದು ಒಂದೇ ಪ್ರಾಂತದವರಾದರು; ಹಲವು ಆಳ್ವಿಕೆಗಳ ಪೋಲೀಸು ಕಾಯಿದೆಗಳು ಹೋಗಿ 1963ರ ಕಾಯಿದೆಯೊಂದೇ ಬಂದಿತು. ಅದರ 170ನೆಯ ಕಲಮನ್ನು ಓದಿದರೆ ಅದೇ ನುಡಿ ಎದುರಾಗುತ್ತದೆ. ಕರ್ತವ್ಯದ ಸೋಗಿನಲ್ಲಿ ಅಥವಾ ಅದನ್ನು ಮೀರಿ ಮಾಡಿದ ಕೃತ್ಯಕ್ಕಾಗಿ ಪೋಲೀಸು ಅಧಿಕಾರಿಯ ಮೇಲೆ ದಾವೆಯನ್ನಾಗಲಿ ಫೌಜದಾರಿ ಖಟ್ಲೆಯನ್ನಾಗಲಿ ಸರಕಾರದ ಪೂರ್ವಾನುಮತಿಯಿಲ್ಲದೆ ಸ್ವೀಕರಿಸಕೂಡದು! ಅಲ್ಲಿ ಕದವನ್ನು ತೆರೆದ ನುಡಿಯೇ ಇಲ್ಲಿ ಅಗುಳಿಯಾಗಿದೆ. 2020ರಲ್ಲಿ ಬೆಂಗಳೂರಿನ ಒಂದು ಖಟ್ಲೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವೂ, ಕರ್ತವ್ಯದೊಡನೆ ಸಮಂಜಸ ಸಂಬಂಧವಿದ್ದರೆ ಮೇರೆ ಮೀರಿದ ಕೃತ್ಯಕ್ಕೂ ಅನುಮತಿ ಬೇಕೆಂದಿತು.

ನಿಷ್ಠೆಯಿಂದ ದುಡಿಯುವ ಪೋಲೀಸನನ್ನು ಸುಳ್ಳು ಖಟ್ಲೆಗಳಿಂದ ಕಾಯಬೇಕೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಸುಳ್ಳುನಿಜಗಳನ್ನು ತೂಗಬೇಕಾದವನು ನ್ಯಾಯಾಧೀಶನೇ ಹೊರತು, ಆ ಪೋಲೀಸನಿಗೆ ಸಂಬಳ ಕೊಡುವ ಸರಕಾರದ ಕಾರ್ಯದರ್ಶಿಯಲ್ಲ. ಪರಿಹಾರಕ್ಕಾಗಿ ಹೂಡುವ ದಾವೆಯನ್ನಾದರೂ ಈ ಕಲಮಿನಿಂದ ಬಿಡಿಸಬೇಕು. ಅದಾಗದಿದ್ದರೆ ಅನುಮತಿಯ ಅರ್ಜಿಗೆ ಗಡುವು ಹಾಕಿ, ನಿರಾಕರಣೆಗೆ ಕಾರಣ ಬರೆಯುವಂತೆ ಮಾಡಬೇಕು. ಈ ತಿದ್ದುಪಡಿಯನ್ನು ವಿಧಾನಸಭೆಯಲ್ಲಿ ಯಾವ ಸದಸ್ಯರು ಮಂಡಿಸುವರೆಂದು ನಾವು ಕಾದಿದ್ದೇವೆ.